ಈ ರಸ್ತೆ ಯಾಕೆ ಇಲ್ಲಿ ತಿರುಗಿತು?

ಸುಮ್ನೆ ತಿರುಗುವ ರಸ್ತೆ ಅಂದರೆ ನಿವೃತ್ತ ಎಂಜಿನಿಯರಿಗೆ ಆಗಿಬರುವುದಿಲ್ಲ. ನಾವು ನೀವು ತಿರುವಿನಲ್ಲಿ ಹಾರ್ನ್ ಹೊಡೆದು ಮುಂದೆ ಹೋಗುತ್ತೇವೆ. ಅವರು ನಿಂತು ನೋಡುತ್ತಾರೆ. ನೇರವಾಗಿ ಹಾಕಿದ್ದರೆ ಖರ್ಚು ಕಮ್ಮಿ ಆಗುತ್ತಿತ್ತು, ಆದರೂ ತಿರುಗಿಸಿದ್ದಾರೆ. ಹಾಗಾದರೆ ಇಲ್ಲಿ ಹಳ್ಳ ಇತ್ತೋ, ಯಾರದೋ ಜಮೀನು ಅಡ್ಡ ಬಂತೋ? ಬಡಾವಣೆಯ ಚರಿತ್ರೆಯ ಹುಚ್ಚು ಹಿಡಿಯಲು ಇಷ್ಟು ಅನುಮಾನ ಸಾಕು.

ಅನುಮಾನ ಹುಸಿಯೂ ಅಲ್ಲ. ನ್ಯೂಯಾರ್ಕಿನ ಮ್ಯಾನ್‌ಹಟನ್‌ಗೆ 1811ರಲ್ಲಿ ಚೌಕ ಚೌಕವಾಗಿ ಬೀದಿಗಳ ನಕ್ಷೆ ಮಾಡಿದರು. ಬ್ರಾಡ್‌ವೇ ಮಾತ್ರ ಆ ಗೆರೆಗಳನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತದೆ. ಯುರೋಪಿನವರು ಬರುವ ಮುಂಚೆ ಅಲ್ಲಿನ ಮೂಲನಿವಾಸಿಗಳು ಓಡಾಡುತ್ತಿದ್ದ ದಾರಿಯನ್ನು ಅದು ಬಹಳ ಕಡೆ ಹಿಡಿದಿದೆ. ಲಂಡನ್ನಿನ ಫ್ಲೀಟ್ ನದಿ ಈಗ ನೆಲದಡಿಯ ಚರಂಡಿ. ನದಿ ಕಾಣದಿದ್ದರೂ ಕಣಿವೆಯ ತಗ್ಗು ಹಾಗೇ ಇದೆ. ಅದನ್ನು ದಾಟಿಸಲೆಂದೇ ಕಟ್ಟಿದ ಹೋಬರ್ನ್ ಸೇತುವೆ 1869ರಲ್ಲಿ ತೆರೆಯಿತು.

ಎಂಜಿನಿಯರ್ ಕೆಲಸವೂ ಈ ಹುಚ್ಚಿಗೆ ತರಬೇತಿಯೇ. ಡ್ರಾಯಿಂಗ್ ಒಂದು ಹೇಳುತ್ತದೆ, ಸೈಟ್‌ನಲ್ಲಿ ಇನ್ನೊಂದು ಇರುತ್ತದೆ. ಅಗೆಯುವ ಮುಂಚೆ ಹಳೆಯ ಹಾಳೆ ಹುಡುಕಬೇಕು, ಅದು ಎಷ್ಟನೇ ಸಲ ತಿದ್ದಿದ್ದು ಅಂತ ರಿವಿಷನ್ ನಂಬರ್ ನೋಡಬೇಕು, ಸಹಿ ಯಾರದ್ದು ಅಂತ ವಿಚಾರಿಸಬೇಕು. ವರ್ಷಗಟ್ಟಲೆ ಹೀಗೆ ಕಾಗದಕ್ಕೂ ನೆಲಕ್ಕೂ ತಾಳೆ ನೋಡಿದವರಿಗೆ ಹಳೆಯ ದಾಖಲೆಗಳ ಕೋಣೆ ಹೊಸ ಜಾಗ ಅನ್ನಿಸುವುದೇ ಇಲ್ಲ.

ಅಮೆರಿಕದ ಸ್ಯಾನ್‌ಬೋರ್ನ್ ಕಂಪನಿ 1867ರಿಂದ ಬೆಂಕಿ ವಿಮೆಯವರಿಗಾಗಿ ಊರುಗಳ ನಕ್ಷೆ ಬರೆಸುತ್ತಿತ್ತು. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ, ಕಲ್ಲಿನದಕ್ಕೆ ನೀಲಿ. ಸಾಮಾನ್ಯವಾಗಿ ನೆಲದ 50 ಅಡಿಗೆ ನಕ್ಷೆಯಲ್ಲಿ ಒಂದು ಇಂಚು. ಕಟ್ಟಡ ಬದಲಾದರೆ ಆ ಜಾಗದ ಮೇಲೆ ಹೊಸ ಕಾಗದದ ಚೂರು ಅಂಟಿಸುತ್ತಿದ್ದರು. ಇಂಥದ್ದು ಕೈಗೆ ಸಿಕ್ಕರೆ ನಿವೃತ್ತ ಎಂಜಿನಿಯರಿಗೆ ಊಟದ ಹೊತ್ತು ನೆನಪಿರುವುದಿಲ್ಲ.

ನನ್ನದು ಒಂದೇ ತಕರಾರು. ಈ ಎಂಜಿನಿಯರುಗಳು ಬರೆದ ಬೀದಿಯ ಚರಿತ್ರೆಯಲ್ಲಿ ಮೋರಿ ಪೈಪಿನ ಅಗಲ ಇಂಚಿನ ಲೆಕ್ಕದಲ್ಲಿ ಇರುತ್ತದೆ. ಮೂಲೆಮನೆಯವರು ಯಾಕೆ ಬಿಟ್ಟು ಹೋದರು ಅಂದರೆ 'ಮಾಹಿತಿ ಇಲ್ಲ'. ಅದು ಎದುರು ಮನೆಯ ಅಜ್ಜಿಗೆ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಅಜ್ಜಿ ಇಸವಿ ಹೇಳುವುದಿಲ್ಲ, "ದೊಡ್ಡ ಮಳೆ ಬಂತಲ್ಲಪ್ಪಾ, ಆ ವರ್ಷ" ಅನ್ನುತ್ತಾರೆ. ಎಂಜಿನಿಯರ್ ಮಳೆಯ ದಾಖಲೆಗಳನ್ನೆಲ್ಲ ಜಾಲಾಡಿ, ವರ್ಷ ಹುಡುಕಿ ತಂದು ಮುಂದಿಡುತ್ತಾರೆ. ಅಜ್ಜಿ ಒಪ್ಪುವುದಿಲ್ಲ. "ಅದಲ್ಲ, ಅದಕ್ಕಿಂತ ಜಾಸ್ತಿ ಬಂದಿತ್ತು!"