400 ಅಲ್ಲ, 120 ಸಾಕು

ಹಾರ್ಮೋನಿಕಾಗೆ ಅಗ್ಗದ ಡಿಲೇ ಪೆಡಲ್ (ನುಡಿಸಿದ ಸ್ವರವನ್ನು ತುಸು ತಡವಾಗಿ ಮತ್ತೆ ಕೇಳಿಸೋ ಎಕೋ ಪೆಟ್ಟಿಗೆ) ಸಾಕು ಅಂತ ನೀವು ಬರೆದಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಬ್ಲೂಸ್ ಹಾರ್ಮೋನಿಕಾಗೆ 400 ಮಿಲಿಸೆಕೆಂಡ್ ತಡ, ನಾಲ್ಕೈದು ರಿಪೀಟ್ (ಅಷ್ಟು ಸಲ ಮಾರ್ದನಿ) ಇಡಿ ಅಂದಿದ್ದೀರಲ್ಲ ಸರ್, ಅದು ಗಿಟಾರಿನವರ ಲೆಕ್ಕ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. 400 ಮಿಲಿಸೆಕೆಂಡ್ ಅಂದ್ರೆ, ಹೋಗಿ ಬರೋದು ಸೇರಿ, ಹತ್ತಿರಹತ್ತಿರ 70 ಮೀಟರ್ ಆಚೆಯ ಗುಡ್ಡಕ್ಕೆ ಕೂಗು ಹಾಕಿ ಮಾರ್ದನಿ ಕಾದ ಹಾಗೆ. ನಮ್ಮ ಆಗುಂಬೆ ಕಡೆ ಮಜಾ ಮಾಡೋಕೆ ಅಡ್ಡಿಯಿಲ್ಲ. ಬೆಂಡ್ ಮಾಡಿದ (ಉಸಿರಿನಿಂದ ಬಗ್ಗಿಸಿ ಇಳಿಸಿದ) ಸ್ವರದ ಮೇಲೆ ಹಿಂದಿನ ಸ್ವರ ಬಂದು ಕೂತರೆ ಮಾತ್ರ ಕಲಸುಮೇಲೋಗರ. 100–120ಕ್ಕೆ ಇಳಿಸಿ, ಒಂದೇ ರಿಪೀಟ್ ಇಡಿ. 20 ಮೀಟರ್ ದೂರದ ಗೋಡೆಗೆ ತಾಗಿ ಬಂದಂತೆ, ನುಡಿಸೋದು ನಿಲ್ಲಿಸಿದಾಗಷ್ಟೇ ಎಕೋ ಇತ್ತು ಅಂತ ಗೊತ್ತಾಗಬೇಕು.

ಇನ್ನೊಂದು, ನೀವು ಹೇಳದೇ ಬಿಟ್ಟಿದ್ದು: ಫೀಡ್‌ಬ್ಯಾಕ್, ಅಂದ್ರೆ ಆಂಪಿನ (ಸ್ಪೀಕರ್ ಪೆಟ್ಟಿಗೆಯ) ಶಬ್ದ ಮತ್ತೆ ಮೈಕಿಗೇ ಹೊಕ್ಕು ಕಿರುಚೋದು. ಮೈಕು ಅಂಗೈಯಲ್ಲಿ, ಆಂಪ್ ಎದುರಿಗೇ. ರಿಪೀಟ್ ಜಾಸ್ತಿ ಮಾಡಿದಷ್ಟೂ ಕುಯ್ಯೋ ಅನ್ನುತ್ತೆ. ತೀರ್ಥಹಳ್ಳಿಯ ನಮ್ಮ ಮನೆಯ ಶೀಟಿನ ಮಾಡಿನ ಕೆಳಗೆ ಮೊದಲ ದಿನ ನುಡಿಸಿದಾಗ ಕೊಟ್ಟಿಗೆಯಲ್ಲಿದ್ದ ದನ ಎದ್ದು ನಿಂತಿದ್ದವು! ಪೆಡಲ್ಲಿನ ಮಿಕ್ಸ್ (ಎಕೋ ಪ್ರಮಾಣ) ಕಾಲುಭಾಗಕ್ಕೆ ತಂದು, ಆಂಪಿನ ಟ್ರೆಬಲ್ (ಕೀರಲು ದನಿ) ಇಳಿಸಿ, ಪಕ್ಕಕ್ಕೆ ಸರಿದು ನಿಂತ ಮೇಲೆ ಶಾಂತಿ. ಗುಂಯ್‌ಗುಡುವಿಕೆ ಮಾತ್ರ ಹೋಗಿರಲಿಲ್ಲ, ಅದು ಅಗ್ಗದ ಅಡಾಪ್ಟರಿನ ಕಾಟ. ಪೆಡಲ್ಲಿಗೆ 9 ವೋಲ್ಟ್ ಬ್ಯಾಟರಿ ಹಾಕಿದ ತಕ್ಷಣ ನಿಂತಿತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಇರೋದೇ ಅಪರೂಪ, ಹೇಗೂ ಬ್ಯಾಟರಿ ಬೇಕೇ ಬೇಕು. ಆಂಪಿಗೆ ಏನು ಮಾಡ್ತೀಯ ಅಂತ ಕೇಳಬೇಡಿ.