ತುಪ್ಪ ಬರುವ ಹೊತ್ತಿಗೆ

ಮೊನ್ನೆ ಅಕ್ಕನ ಮಗ ಬೆಂಗಳೂರಿನಿಂದ ತನ್ನ ಪಿಕ್ಸೆಲ್ ಫೋನಿನ ಸ್ಕ್ರೀನ್‌ಶಾಟ್ ಕಳಿಸಿದ. ಜತೆಗೊಂದು ಸಾಲು: ‘ಮಾಮಾ, ಹೊಸ ಆಂಡ್ರಾಯ್ಡ್ ಬಂತು ನೋಡ್ರಿ. ನಿಮಗ ಬಂತೇನ್ರಿ?’

ಗದಗಿನ ನಮ್ಮ ಮನೆ ಕಟ್ಟೆಯ ಮೇಲೆ ಕೂತು ಸೆಟ್ಟಿಂಗ್ಸ್ ಒತ್ತಿದೆ. ‘ನಿಮ್ಮ ಫೋನ್ ಅಪ್ ಟು ಡೇಟ್ ಆಗಿದೆ’ ಎಂದಿತು. ಅದರ ಕೆಳಗೇ ಸೆಕ್ಯೂರಿಟಿ ಪ್ಯಾಚಿನ, ಅಂದರೆ ಕಳ್ಳಕಿಂಡಿ ಮುಚ್ಚುವ ತೇಪೆಯ ತಾರೀಖು, ಹೋದ ವರ್ಷದ್ದು. ಸುಳ್ಳು ಹೇಳುವವರು ತಾರೀಖನ್ನಾದರೂ ಮುಚ್ಚಿಡಬಾರದೇ?

ನರಗುಂದದ ಆ ಮದುವೆ ನೆನಪಾಯಿತು. ನಾನು ಮೂರನೇ ಪಂಕ್ತಿಯ ತುದಿಯಲ್ಲಿದ್ದೆ. ಗೋಧಿ ಹುಗ್ಗಿ ಬೇಗ ಬಂತು, ತುಪ್ಪ ಬರಲಿಲ್ಲ. ತುಪ್ಪದವನು ಬೀಗರ ಕಡೆಯಿಂದ ಶುರು ಮಾಡಿದ್ದ. ಅವರಿಗೆ ಎರಡೆರಡು ಸಲ, ಮೇಲೆ ‘ಇನ್ನಷ್ಟು ಹಾಕಿಸ್ಕೋರಿ’ ಎಂಬ ಒತ್ತಾಯ. ನಡುವೆ ಒಬ್ಬರ ಎಲೆಯ ಮುಂದೆ ನಿಂತು ಮಳೆ-ಬೆಳೆ ವಿಚಾರಿಸಿದ. ನಮ್ಮ ಸಾಲಿಗೆ ತಿರುಗಿದಾಗ ಗಿಂಡಿ ಖಾಲಿ. ‘ಕಾಸಾಕತ್ತಾರ್ರೀ, ಬಂತು’ ಎಂದು ಒಳಗೆ ಹೋದವನು ಹೋದ. ಪಕ್ಕದ ಅಜ್ಜ ಹುಗ್ಗಿಗೆ ಬೆರಳು ಚುಚ್ಚಿ, ‘ಇದರಾಗ ಗ್ವಾಡಿ ಕಟ್ಟಬಹುದು’ ಎಂದ. ಕಾದು ಕಾದು ಒಣ ಹುಗ್ಗಿಯನ್ನೇ ನುಂಗಿದೆವು. ಅನ್ನ-ಸಾರೂ ಮುಗಿಯಿತು. ಮಜ್ಜಿಗೆ ಅನ್ನ ಕಲಸುತ್ತಿದ್ದಾಗ ಮಹಾರಾಯ ಬಂದ. ‘ಬ್ಯಾಡ’ ಅನ್ನುವಷ್ಟರಲ್ಲಿ ಮಜ್ಜಿಗೆ ಮೇಲೆ ಧಾರಾಳವಾಗಿ ತುಪ್ಪ ಸುರಿದ. ಹನ್ನೊಂದು ವರ್ಷವಾಯಿತು, ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಪ್‌ಡೇಟಿನ ಪಂಕ್ತಿಯೂ ಹೀಗೇ ಅಲ್ವಾ? ಆಂಡ್ರಾಯ್ಡ್ 15ರ ಸೋರ್ಸ್ ಕೋಡ್, ಅಂದರೆ ಫೋನ್ ಕಂಪನಿಗಳು ಬಳಸುವ ಮೂಲ ಪ್ರೋಗ್ರಾಮು, ಹೊರಬಿದ್ದಿದ್ದು 2024ರ ಸೆಪ್ಟೆಂಬರ್ 3ಕ್ಕೆ. ಗೂಗಲ್‌ನ ಸ್ವಂತ ಪಿಕ್ಸೆಲ್‌ಗಳಿಗೇ ಅದು ಸಿಕ್ಕಿದ್ದು ಅಕ್ಟೋಬರ್ 15ಕ್ಕೆ. ಬಡಿಸುವವರು ನಮ್ಮವರಾದರೆ ಚಿಂತೆಯಿಲ್ಲ ಅಂತಾರೆ, ಅವರಿಗೇ ಆರು ವಾರ. ಉಳಿದ ಫೋನುಗಳಿಗೆ ಮೊದಲು ಕ್ವಾಲ್ಕಾಮ್, ಮೀಡಿಯಾಟೆಕ್‌ನಂಥ ಚಿಪ್‌ನವರು ಡ್ರೈವರ್, ಅಂದರೆ ಚಿಪ್ಪಿಗೂ ಆಂಡ್ರಾಯ್ಡಿಗೂ ಮಾತುಕತೆ ನಡೆಸುವ ಸಾಫ್ಟ್‌ವೇರ್, ಹೊಂದಿಸಿ ಕೊಡಬೇಕು. ಆಮೇಲೆ ಫೋನ್ ಕಂಪನಿ ತನ್ನ ಬಣ್ಣಬಣ್ಣದ ಐಕಾನು, ಯಾರೂ ಕೇಳದ ಆ್ಯಪು ಸೇರಿಸಿ ಒಂದೊಂದು ಮಾಡೆಲ್ ಮೇಲೂ ಪರೀಕ್ಷೆ ಮಾಡಬೇಕು. ಅಷ್ಟಾದರೂ ಎಲ್ಲರಿಗೂ ಒಟ್ಟಿಗೆ ಬಡಿಸುವುದಿಲ್ಲ. ಮೊದಲು ಸ್ವಲ್ಪ ಜನಕ್ಕೆ. ಅವರ ಹೊಟ್ಟೆ ಕೆಡಲಿಲ್ಲ ಅಂದರೆ ಉಳಿದವರಿಗೆ. 2017ರಲ್ಲಿ, ಆಂಡ್ರಾಯ್ಡ್ 8ರ ಜತೆ, ಗೂಗಲ್‌ನವರು ಪ್ರಾಜೆಕ್ಟ್ ಟ್ರೆಬಲ್ ಅಂತ ತಂದು ಚಿಪ್‌ನವರ ಪಾಲನ್ನು ಬೇರೆ ಪಾತ್ರೆಗೆ ತೆಗೆದಿಟ್ಟರು. ಕೆಲಸ ಬೇಗ ಆಗಲಿ ಅಂತ. ಆ ‘ಬೇಗ’ ನನ್ನ ಫೋನಿಗೆ ಇನ್ನೂ ಬಂದಿಲ್ಲ.

ಹಾಗಂತ ಬಂದಾಗ ಖುಷಿಯಾಗುತ್ತದೆಯೇ? ಹೋದ ಸಲ ಬಂದಾಗ ಫೋನಿಗೆ ವಯಸ್ಸಾಗಿತ್ತು. ಮಧ್ಯಾಹ್ನಕ್ಕೇ ಬ್ಯಾಟರಿ ಮಲಗತೊಡಗಿತು. ಮಜ್ಜಿಗೆ ಮೇಲಿನ ತುಪ್ಪ.

‘ಒಳಗ ಕಾಸಾಕತ್ತಾರಂತ’ ಎಂದು ಅಳಿಯನಿಗೆ ಉತ್ತರ ಬರೆದೆ. ಅವನು ಸುಮ್ನೆ ಒಂದು ಹೆಬ್ಬೆರಳು ಕಳಿಸಿದ. ಅರ್ಥವಾಗಿರಲಿಕ್ಕಿಲ್ಲ. ಆ ಮದುವೆಯಲ್ಲಿ ಅವನು ಕೂತಿದ್ದು ಬೀಗರ ಪಂಕ್ತಿಯಲ್ಲಿ.