ಬೊಮ್ಮಾಯಿ ತೀರ್ಪು ಅಂದ್ರೆ ಯಾವ ಬೊಮ್ಮಾಯಿ?

ಹೋದ ವಾರ ಅಣ್ಣನ ಮಗ ಮನೆಗೆ ಬಂದಿದ್ದ, ಸೆಕೆಂಡ್ ಪಿಯುಸಿ ಓದ್ತಿದಾನೆ. ಟಿವಿಲಿ ಯಾವುದೋ ಚರ್ಚೆಯಲ್ಲಿ 'ಬೊಮ್ಮಾಯಿ ತೀರ್ಪು' ಅಂದ್ರು. ಚಿಕ್ಕಪ್ಪ, ಬಸವರಾಜ ಬೊಮ್ಮಾಯಿ ಅವರ ಮೇಲೆ ಏನು ಕೇಸಿತ್ತು ಅಂತ ಕೇಳಿದ. ಅವನದ್ದೇನೂ ತಪ್ಪಿಲ್ಲ, ಹೇಳಬೇಕಾದವರು ನಾವು ಹೇಳಿಲ್ಲ. ಇಡೀ ದೇಶದ ಕೋರ್ಟುಗಳಲ್ಲಿ ದಿನಾ ಓಡಾಡೋ ಆ ಹೆಸರು ಅವರ ತಂದೆ ಎಸ್.ಆರ್. ಬೊಮ್ಮಾಯಿ ಅವರದ್ದು, ನಮ್ಮ ರಾಜ್ಯದ ಮುಖ್ಯಮಂತ್ರಿ ಆಗಿದ್ದವರು.

ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಮೇಲೆ 1988ರ ಆಗಸ್ಟ್‌ನಲ್ಲಿ ಅವರು ಸಿಎಂ ಆದ್ರು. ಮುಂದಿನ ಏಪ್ರಿಲ್‌ನಲ್ಲಿ ಪಕ್ಷದ ಒಬ್ಬ ಶಾಸಕರು ರಾಜ್ಯಪಾಲರ ಹತ್ರ ಹೋಗಿ, ನಾನೂ ಸೇರಿ ಇಷ್ಟು ಜನ ಬೆಂಬಲ ವಾಪಸ್ ತಗೊಂಡಿದೀವಿ ಅಂತ 19 ಪತ್ರ ಕೊಟ್ರು. ಅದಾದ್ಮೇಲೆ ಅದರಲ್ಲಿ 7 ಜನ ನಮ್ಮ ಸಹಿ ಸುಳ್ಳು ಹೇಳಿ ಹಾಕಿಸ್ಕೊಂಡಿದ್ದು, ನಾವು ಸರ್ಕಾರದ ಜೊತೆಗೇ ಇದೀವಿ ಅಂತ ಬರೆದುಕೊಟ್ರು. ಬೊಮ್ಮಾಯಿ ಕೇಳಿದ್ದು ಒಂದೇ, ಅಧಿವೇಶನ ಕರೀತೀವಿ, ಬೇಕಾದ್ರೆ ಇನ್ನೂ ಬೇಗ ಕರೀತೀವಿ, ಸದನದಲ್ಲೇ ಬಹುಮತ ತೋರಿಸ್ತೀನಿ. ರಾಜ್ಯಪಾಲ ವೆಂಕಟಸುಬ್ಬಯ್ಯ ಒಪ್ಪಲಿಲ್ಲ, ದೆಹಲಿಗೆ ವರದಿ ಹೋಯ್ತು, 1989ರ ಏಪ್ರಿಲ್ 21ಕ್ಕೆ ಸರ್ಕಾರ ವಜಾ, ವಿಧಾನಸಭೆಯೂ ವಿಸರ್ಜನೆ.

ನನಗೆ ಇವತ್ತಿಗೂ ಸಂಕಟ ಆಗೋದು ಇಲ್ಲೇ. ಹಳ್ಳಿ ಕಟ್ಟೆ ಪಂಚಾಯ್ತಿಲಿ ಬದು ಜಗಳ ಬಂದ್ರೂ ಎರಡೂ ಕಡೆಯವರನ್ನ ಎದುರುಬದುರು ಕೂರಿಸಿ ಕೇಳ್ತಾರೆ, ಆದ್ರೆ ಕೋಟಿಗಟ್ಲೆ ಜನ ಆರಿಸಿದ ಸರ್ಕಾರ ಇರಬೇಕಾ ಬೇಡವಾ ಅನ್ನೋದನ್ನ ರಾಜಭವನದ ಒಂದು ರೂಮಲ್ಲಿ ಕೂತು ಕಾಗದ ನೋಡಿ ತೀರ್ಮಾನ ಮಾಡಿಬಿಟ್ರು, ಅದೂ ಕೇಂದ್ರ ನೇಮಿಸಿದ ವ್ಯಕ್ತಿ, ಕೇಂದ್ರದಲ್ಲಿ ಎದುರಾಳಿ ಪಕ್ಷದ ಸರ್ಕಾರ ಇದ್ದಾಗ. ಇದಕ್ಕೆ ಬಳಸಿದ್ದು ಸಂವಿಧಾನದ 356ನೇ ವಿಧಿ, ಅಂದ್ರೆ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರೋ ಅಧಿಕಾರ. ಅದು ಇರೋದು ರಾಜ್ಯದಲ್ಲಿ ಸಂವಿಧಾನದ ಪ್ರಕಾರ ಆಡಳಿತ ನಡೆಸೋಕೇ ಆಗದ ಪರಿಸ್ಥಿತಿ ಬಂದ್ರೆ ಅಂತ. ಇದನ್ನ ಬಳಸೋ ಪ್ರಸಂಗವೇ ಬರದಿರಲಿ ಅಂತ ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲೇ ಆಶಿಸಿದ್ರು. ಆದ್ರೂ ಹತ್ತಾರು ಸಲ ಬಳಸಿದ್ರು, ಎಲ್ಲಾ ಪಕ್ಷದವರೂ.

ಬೊಮ್ಮಾಯಿ ಹೈಕೋರ್ಟಿಗೆ ಹೋದ್ರು, ಅಲ್ಲಿ ಅರ್ಜಿ ವಜಾ ಆಯ್ತು. ಸುಪ್ರೀಂ ಕೋರ್ಟಲ್ಲಿ 9 ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ಕ್ಕೆ ತೀರ್ಪು ಕೊಡ್ತು. ಬಹುಮತ ಇದೆಯೋ ಇಲ್ವೋ ಅನ್ನೋದು ಸದನದಲ್ಲೇ ಗೊತ್ತಾಗಬೇಕು, ರಾಜ್ಯಪಾಲರ ಸ್ವಂತ ಅಭಿಪ್ರಾಯದಲ್ಲಲ್ಲ. ರಾಷ್ಟ್ರಪತಿ ಆಳ್ವಿಕೆ ಹೇರಿದ್ರೆ ಯಾವ ಆಧಾರದ ಮೇಲೆ ಅಂತ ಕೋರ್ಟು ನೋಡಬಹುದು. ಸಂಸತ್ತಿನ ಎರಡೂ ಸದನ ಒಪ್ಪೋ ತನಕ ವಿಧಾನಸಭೆಯನ್ನ ಅಮಾನತಲ್ಲಿ ಇಡಬಹುದೇ ಹೊರತು ವಿಸರ್ಜಿಸೋ ಹಾಗಿಲ್ಲ. ಜಾತ್ಯತೀತತೆ ಸಂವಿಧಾನದ ಮೂಲರಚನೆಗೆ, ಅಂದ್ರೆ ಸಂಸತ್ತೂ ತೆಗೆದುಹಾಕೋಕೆ ಆಗದ ತಳಹದಿಗೆ, ಸೇರಿದ್ದು ಅಂತಾನೂ ಇದೇ ತೀರ್ಪಲ್ಲಿದೆ, ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ.

ಬೊಮ್ಮಾಯಿಗೆ ಏನು ಸಿಕ್ತು? ಕುರ್ಚಿಯಂತೂ ಇಲ್ಲ. ಅಷ್ಟೊತ್ತಿಗೆ ಚುನಾವಣೆ ಮುಗಿದು ವೀರೇಂದ್ರ ಪಾಟೀಲರು, ಬಂಗಾರಪ್ಪನವರು ಆಳಿ, ಮೊಯ್ಲಿಯವರು ಸಿಎಂ ಆಗಿದ್ರು. ಕರ್ನಾಟಕದಲ್ಲಿ ಮಾಡಿದ್ದು ಅಸಾಂವಿಧಾನಿಕ ಅಂತ ಕೋರ್ಟು ಹೇಳಿತು ನಿಜ, ಆದ್ರೆ ಐದು ವರ್ಷ ತಡವಾಗಿ. ಕೋರ್ಟಿನ ಮೇಲೆ ನನಗೆ ಗೌರವ ಇದೆ, ಆದ್ರೂ ಸರ್ಕಾರದ ಅಳಿವು ಉಳಿವಿನ ಕೇಸು ಅಷ್ಟು ವರ್ಷ ಎಳೆದಿದ್ದು ತಪ್ಪು ಅಂತಾನೇ ಹೇಳ್ತೀನಿ.

ಲಾಭ ಆಗಿದ್ದು ಮುಂದಿನವರಿಗೆ. 2018 ನೆನಪಿದೆಯಲ್ಲ? 222 ಸ್ಥಾನಕ್ಕೆ ಚುನಾವಣೆ, ಬಿಜೆಪಿಗೆ 104, ಯಡಿಯೂರಪ್ಪನವರಿಗೆ ಬಹುಮತ ಸಾಬೀತು ಮಾಡೋಕೆ ರಾಜ್ಯಪಾಲರು 15 ದಿನ ಕೊಟ್ರು. ರಾತ್ರೋರಾತ್ರಿ ಸುಪ್ರೀಂ ಕೋರ್ಟ್ ಕೂತ್ಕೊಂಡು ವಿಚಾರಣೆ ಮಾಡ್ತು, ಆಮೇಲೆ ಮೇ 19ಕ್ಕೇ ವಿಶ್ವಾಸಮತ ಆಗಲಿ, ಗುಪ್ತ ಮತದಾನ ಬೇಡ ಅಂದ್ರು. ಮತಕ್ಕೆ ಹಾಕೋ ಮೊದಲೇ ಅವರು ರಾಜೀನಾಮೆ ಕೊಟ್ರು. ಇಲ್ಲೊಂದು ಗಮನಿಸಿ, ಅವತ್ತು ಕೋರ್ಟಿನ ಬಾಗಿಲು ತಟ್ಟಿದ್ದು ಕಾಂಗ್ರೆಸ್‌ನವರು ಮತ್ತು ಜೆಡಿಎಸ್‌ನವರು. ಬೊಮ್ಮಾಯಿ ಸರ್ಕಾರ ವಜಾ ಮಾಡಿದ್ದು ಇದೇ ಕಾಂಗ್ರೆಸ್ಸಿನ ಕೇಂದ್ರ ಸರ್ಕಾರ! ಅದನ್ನ ತಪ್ಪು ಅಂದ ತೀರ್ಪೇ ಅವರ ಕೈ ಹಿಡೀತು.

ಅಣ್ಣನ ಮಗ ಎಲ್ಲಾ ಕೇಳಿ, ಹಂಗಾದ್ರೆ ಗೆದ್ದವರ ಕೈ ಕಟ್ಟಾಕಿದ ಹಾಗಲ್ವಾ ಅಂದ. ಹೌದು ಕಣೋ, ಕಟ್ಟಾಕೋಕೇ ಸಂವಿಧಾನ ಇರೋದು. ಅಧಿಕಾರ ಕೊಡೋಕೆ ಓಟು ಸಾಕು, ಆ ಅಧಿಕಾರ ಎಲ್ಲಿ ನಿಲ್ಲಬೇಕು ಅಂತ ಮೊದಲೇ ಬರೆದಿಟ್ಟಿರಬೇಕು, ಇವತ್ತು ಗೆದ್ದವನು ನಾಳೆ ಸೋತಾಗಲೂ ಅದೇ ಗೆರೆ ಇರಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಆ 7 ಜನ ಶಾಸಕರು ಸದನದಲ್ಲಿ ಯಾರ ಕಡೆ ನಿಲ್ತಿದ್ರು ಅಂತ ಕೇಳಿದ. ನಿಲ್ಲೋಕೆ ಬಿಡಲೇ ಇಲ್ವಲ್ಲ, ಯಾರಿಗೂ ಗೊತ್ತಾಗಲೇ ಇಲ್ಲ.

1989ರ ಆ ಏಪ್ರಿಲ್ ನೆನಪಿರೋ ಹಿರಿಯರು ಯಾರಾದ್ರೂ ಇದ್ರೆ, ಅವತ್ತು ನಿಮ್ಮೂರಲ್ಲಿ ಜನ ಏನು ಮಾತಾಡ್ಕೊಂಡ್ರು ಅಂತ ದಯವಿಟ್ಟು ಬರೀರಿ. ಅವನಿಗೆ ಓದಿಸ್ತೀನಿ.